ಬಾಗಿಲಲ್ಲಿ ಹೇಳುವ ಹೆಸರು

ನನ್ನ ಹೆಸರು ದೊಡ್ಡಬೀರಪ್ಪ. ಹೆಸರು ಕೇಳಿ ಆಳು ನೋಡಲು ಬಂದವರಿಗೆ ಮೋಸವಾಗುತ್ತದೆ. ಕಣಕಟ್ಟೆಯ ನಮ್ಮ ಮನೆಯಲ್ಲಿ ಇಬ್ಬರಿಗೆ ಮನೆದೇವರ ಹೆಸರಿಟ್ಟದ್ದರಿಂದ ಮೊದಲು ಹುಟ್ಟಿದ ನನಗೆ ‘ದೊಡ್ಡ’ ಅಂಟಿಕೊಂಡಿತು, ಅಷ್ಟೆ. ತಮ್ಮ ಚಿಕ್ಕಬೀರಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ ಬೆಳೆದ. ನಾನು ಬೆಳೆಯಲಿಲ್ಲ, ನನ್ನ ಹೆಸರು ಮಾತ್ರ ಉದ್ದವಾಗಿ ಉಳಿಯಿತು. ಅರಸೀಕೆರೆ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸಕ್ಕೆ ಸೇರಿದ ಮೇಲೆ ಅದನ್ನು ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಸ್ಟೇಷನ್ ಮಾಸ್ತರರಿಗೆ ನಾನು ಬೀರಪ್ಪ, ಡ್ರೈವರುಗಳಿಗೆ ಬೀರ, ಅಕ್ಕನಿಗೆ ಬೀರ್ಯ, ಅವ್ವನಿಗೆ ಮಗ. ರೈಲಿನ ಕೆಲಸವೇ ಹಾಗೆ. ಅಷ್ಟುದ್ದ ಹೆಸರು ಕರೆದು ಮುಗಿಸುವಷ್ಟರಲ್ಲಿ ಗೂಡ್ಸ್ ಗಾಡಿ ಬೇರೆ ಹಳಿಗೆ ಹೋಗಿಬಿಟ್ಟಿರುತ್ತದೆ.

ನನ್ನನ್ನು ಯಾವ ಹೆಸರಿನಿಂದಲೂ ಕರೆಯದವಳು ಒಬ್ಬಳೇ, ನಮ್ಮನೆಯವಳು. ಜಾವಗಲ್ಲಿನ ಹೆಣ್ಣು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಕರಗುತ್ತದೆ ಎನ್ನುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅಂಬೆಗಾಲಿಡುವಾಗಲೇ ಗೊತ್ತಾಗುವ ವಿಷಯ. ಇವಳು ಆ ವಿಷಯದಲ್ಲಿ ಒಂದು ಕೈ ಹೆಚ್ಚು. ಬೀರದೇವರಿಗೆ ಹರಕೆ ಹೊರುವಾಗಲೂ ದೇವರ ಹೆಸರೆತ್ತದೆ ‘ನಮ್ಮಪ್ಪ ಸ್ವಾಮಿ’ ಎನ್ನುತ್ತಿದ್ದಳು. ನನ್ನನ್ನು ಕರೆಯಬೇಕಾದರೆ ‘ಕೇಳುದ್ರಾ’ ಎನ್ನುವಳು. ಕೇಳದಿದ್ದರೆ ಹಿತ್ತಾಳೆ ಚೆಂಬನ್ನು ನೆಲಕ್ಕೆ ಕುಕ್ಕುವಳು. ಚೆಂಬು ಕುಕ್ಕಿದ ರೀತಿಯಲ್ಲೇ ಊಟಕ್ಕೆ ಕರೆಯುತ್ತಿದ್ದಾಳೋ, ಕೋಪ ಬಂದಿದೆಯೋ, ನೆಂಟರು ಬಂದಿದ್ದಾರೋ ಎಂದು ನಾನು ಹೇಳಬಲ್ಲವನಾಗಿದ್ದೆ.

ಒಂದೇ ಒಂದು ಸಲ ಅವಳು ನನ್ನ ಹೆಸರು ಹೇಳಿದ್ದುಂಟು. ಮದುವೆಯಾಗಿ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವಾಗ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರನ್ನಿಡುತ್ತಾರೆ. ಗಂಡಿನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು, ಹೆಣ್ಣು ಗಂಡನ ಹೆಸರನ್ನೂ ಗಂಡು ಹೆಂಡತಿಯ ಹೆಸರನ್ನೂ ಹೇಳಿದ ಮೇಲೆಯೇ ದಾರಿ ಬಿಡುತ್ತಾರೆ. ಆ ಬಾಗಿಲಲ್ಲಿ ಹೇಳಿದ ಹೆಸರಿಗೆ ದೋಷವಿಲ್ಲ. ನಮ್ಮ ಮದುವೆಯಲ್ಲಿ ನನ್ನ ಅಕ್ಕ ಬೋರಕ್ಕ ಎರಡೂ ಕೈ ಚಾಚಿ ನಿಂತಳು. ಇವಳು ಹೇಳಿದಳು. ವಾಲಗದವರು ಅದೇ ಗಳಿಗೆಯಲ್ಲಿ ಊದಬೇಕೇ. ಬೋರಕ್ಕ ಕಿವಿಯನ್ನು ಬಾಯಿಯ ಹತ್ತಿರ ತಂದು ಕೇಳಿಸಿಕೊಂಡು “ಆಯ್ತು, ನಿಂದು ಆಯ್ತು” ಅಂದಳು. ಪಕ್ಕದಲ್ಲೇ ನಿಂತಿದ್ದ ನನಗೆ ತುಟಿ ಅಲುಗಿದ್ದಷ್ಟೇ ಕಂಡಿತು. ಮುಂದಿನದು ನನ್ನ ಸರದಿ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗೆಳೆಯರು ಹಿಂದಿನಿಂದ ತಳ್ಳಿದರು. ಹೆಣ್ಣು ಒದೆಯಬೇಕಾದ ಸೇರನ್ನು ನಾನೇ ಒದ್ದು, ಅಕ್ಕಿಯ ಮೇಲೆ ಜಾರಿ, ನಡುಮನೆಯಲ್ಲಿ ಬೋರಲು ಬಿದ್ದೆ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಶಾಸ್ತ್ರ ಅಲ್ಲಿಗೆ ಮುಗಿಯಿತು.

ಅವಳ ಬಾಯಲ್ಲಿ ನನ್ನ ಹೆಸರು ಹೇಗಿರುತ್ತದೆ ಎಂದು ಕೇಳುವ ಆಸೆ ಅವತ್ತು ಹತ್ತಿಕೊಂಡದ್ದು. ಗಂಡಸಿಗೆ ಇದೆಂಥ ಆಸೆ ಎಂದು ನೀವು ನಗಬಹುದು. ನಕ್ಕರೆ ನಗಿ. ದಿನವೆಲ್ಲ ಯಾರಯಾರದೋ ಬಾಯಲ್ಲಿ ತುಂಡಾಗಿ ಬಿದ್ದ ಹೆಸರನ್ನು ಒಬ್ಬರಾದರೂ ಪೂರ್ತಿಯಾಗಿ ಎತ್ತಿಕೊಡಲಿ ಅಂತ ನನಗೆ ಅನ್ನಿಸುತ್ತಿತ್ತು. ಆ ಒಬ್ಬರು ಅವಳೇ ಆಗಬೇಕಿತ್ತು.

ಸಾವಿರದ ಒಂಬೈನೂರ ಮೂವತ್ತರ ಆಚೆಯ ಒಂದು ವರ್ಷ, ಸಂಕ್ರಾಂತಿ ಕಳೆದರೂ ಚಳಿ ಬಿಡಲಿಲ್ಲ. ಮಹಾಯುದ್ಧ ಮುಗಿದಾಗ ಊರೂರನ್ನೇ ಗುಡಿಸಿಕೊಂಡು ಹೋಗಿದ್ದ ಇನ್‌ಫ್ಲುಯೆಂಜಾ ಜ್ವರ ಆಮೇಲೂ ಆಗಾಗ ಸಣ್ಣದಾಗಿ ಮುಖ ತೋರಿಸಿ ಹೋಗುತ್ತಿತ್ತು. ಈ ಸಲ ಅದು ರೈಲಿನಲ್ಲೇ ಬಂತೆಂದು ಪೇಟೆಯವರು ನಮ್ಮನ್ನು ಕೆಕ್ಕರಿಸಿ ನೋಡಿದರು, ಜ್ವರಕ್ಕೆ ಟಿಕೆಟ್ ಹರಿದುಕೊಟ್ಟವನು ನಾನೇ ಎನ್ನುವ ಹಾಗೆ. ನಮ್ಮನೆಯವಳಿಗೆ ಮೊದಲು ಕೆಮ್ಮು ಬಂತು, ಆಮೇಲೆ ಮೈ ಕೆಂಡವಾಯಿತು, ಆಮೇಲೆ ಉಸಿರೆಳೆಯುವುದೇ ಕಷ್ಟವಾಯಿತು. ಶುಂಠಿ ಮೆಣಸಿನ ಕಷಾಯಕ್ಕೆಲ್ಲ ಅದು ಬಗ್ಗಲಿಲ್ಲ. ಒಂದು ಬೆಳಿಗ್ಗೆ ಅವಳು ನನ್ನನ್ನು ನೋಡಿ, ಯಾರೋ ಪರಸ್ಥಳದವನು ಒಳಗೆ ಬಂದನೆಂಬಂತೆ ಸೆರಗು ಎಳೆದುಕೊಂಡಳು. ಪುಣ್ಯಕ್ಕೆ ಬೋರಕ್ಕ ಆಗ ನಮ್ಮಲ್ಲಿಗೆ ಬಂದಿದ್ದಳು. ಗಾಡಿ ಹೂಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೇರಿಸಿಕೊಳ್ಳುವವರು ರೋಗಿಯ ಹೆಸರು ಕೇಳಿದಾಗ ನಾನು ನೆಲ ನೋಡಿದೆ. ಹೇಳಿದವಳು ಬೋರಕ್ಕ.

ಆ ಆಸ್ಪತ್ರೆಯನ್ನು ನಾನು ಮರೆಯುವುದಿಲ್ಲ. ಎದೆಯ ಜ್ವರವೆಂದು ಬಂದವರೆಲ್ಲರಿಗೂ ಎದೆ ಸರಿಹೋಗುತ್ತಿದ್ದ ಹಾಗೆ ಬೇರೆ ಇನ್ನೇನೋ ಶುರುವಾಗುತ್ತಿತ್ತು. ಕೊಬ್ಬರಿ ಮಂಡಿಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದ ಕಾಳಯ್ಯನಿಗೆ ವಾಸನೆ ಹೋಯಿತು. ಡಾಕ್ಟರು ಅವನ ಮೂಗಿನ ಹತ್ತಿರ ಇಂಗು ಹಿಡಿದರೆ “ಏನೈತೆ ಸ್ವಾಮಿ, ಬರೀ ಗಾಳಿ” ಎನ್ನುತ್ತಿದ್ದ. ಮೇಷ್ಟರ ಹೆಂಡತಿ ಲಲಿತಮ್ಮ ತುತ್ತು ಕೈಯಲ್ಲಿ ಹಿಡಿದೇ ನಿದ್ದೆ ಹೋಗುವರು. ಎಬ್ಬಿಸಿದರೆ ಎದ್ದು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿ, ಮತ್ತೆ ಮಲಗುವರು. ಬಾಣಾವರದ ಕಡೆಯ ಒಬ್ಬ ಅಜ್ಜಿಗೆ ಗೋಡೆಯ ಮೇಲೆ ಸಾಲುಸಾಲು ಇರುವೆ ಕಾಣುತ್ತಿತ್ತು. ಡಾಕ್ಟರು ಮೈಸೂರಿನ ಕಡೆಯವರು, ಇನ್ನೂ ಹರೆಯ, ಮಾತು ಮೆದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದರು, ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು.

ನಮ್ಮನೆಯವಳು ಕಣ್ಣು ಮುಚ್ಚಿ ಮಲಗಿದ್ದಾಗೆಲ್ಲ ನಾನು ಹತ್ತಿರ ಕೂತು “ಲೇ, ಇಲ್ ನೋಡೇ” ಎನ್ನುತ್ತಿದ್ದೆ. ಆಸ್ಪತ್ರೆಯ ಆಯಾ ಮಾದಮ್ಮ ಮಾತ್ರ ಹೋಗುತ್ತಾ ಬರುತ್ತಾ ಅವಳನ್ನು ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಿದ್ದಳು. ಕಡೆಗೊಂದು ಮಧ್ಯಾಹ್ನ ಜ್ವರ ಇಳಿದು ಅವಳು ಕಣ್ಣು ಬಿಟ್ಟಳು. ಈ ಸಲ ಸೆರಗು ಎಳೆದುಕೊಳ್ಳಲಿಲ್ಲ. ನನ್ನನ್ನು ಗುರುತು ಹಿಡಿದಳು, ಅದು ಕಣ್ಣಲ್ಲೇ ಕಂಡಿತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಮಾದಮ್ಮ “ಏನ್ ಬೇಕವ್ವ?” ಅಂದಳು. ನಮ್ಮನೆಯವಳು ನೀರಿನ ಚೆಂಬಿನ ಕಡೆ ಕೈ ತೋರಿಸಿ, ಸ್ಪಷ್ಟವಾಗಿ, ಒಂದಕ್ಷರವೂ ನುಂಗದೆ, “ದೊಡ್ಡಬೀರಪ್ಪ” ಅಂದಳು.

ನಾನು ಚೆಂಬು ಎತ್ತಿಕೊಳ್ಳುವುದನ್ನೂ ಮರೆತು ನಿಂತೆ. ಏನು ಹೇಳಲಿ, ಸಂತೋಷವಾಯಿತು. ಅಷ್ಟು ಕಷ್ಟದಲ್ಲೂ ಮೊದಲು ಸಂತೋಷವೇ ಆಯಿತು. ನನ್ನ ಹೆಸರು ಅಷ್ಟು ಚೆಂದ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಅವಳು ಕಂಬಳಿ ಎಳೆದುಕೊಳ್ಳುತ್ತಾ ಅದನ್ನೂ “ದೊಡ್ಡಬೀರಪ್ಪ” ಅಂದಳು. ಕಿಟಕಿಯಲ್ಲಿ ಕೂತ ಕಾಗೆಯನ್ನು ಓಡಿಸಲು “ದೊಡ್ಡಬೀರಪ್ಪ” ಅಂದಳು. ತಲೆ ಮುಟ್ಟಿಕೊಂಡು, ನೋವಿನಿಂದ ಮುಖ ಹಿಂಡಿ, “ದೊಡ್ಡಬೀರಪ್ಪ, ದೊಡ್ಡಬೀರಪ್ಪ” ಅಂದಳು. ತಾನು ಹೇಳಹೊರಟದ್ದೇ ಒಂದು, ಬಾಯಿಂದ ಬಂದದ್ದೇ ಒಂದು ಎಂದು ಅವಳಿಗೆ ಅಷ್ಟರಲ್ಲಿ ತಿಳಿಯಿತು. ಬಂದದ್ದು ಯಾವುದು ಎಂದೂ ತಿಳಿಯಿತು. ಕಣ್ಣು ದೊಡ್ಡದಾಗಿ ಬಿಟ್ಟು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಡಾಕ್ಟರು ಬಂದು ಸೌಟು, ಬೀಗದ ಕೈ, ಬಾಚಣಿಗೆ ಎಲ್ಲ ತೋರಿಸಿ ಕೇಳಿದರು. ಎಲ್ಲಕ್ಕೂ ಅವಳಲ್ಲಿ ಇದ್ದದ್ದು ನನ್ನ ಹೆಸರೊಂದೇ. ನನ್ನನ್ನು ಜಗಲಿಗೆ ಕರೆದು ಹೇಳಿದರು: “ಈ ಜ್ವರ ಕೆಲವರಲ್ಲಿ ಮಿದುಳಿಗೂ ಏರುತ್ತಿದೆ. ಯಾಕೆಂದು ನಮಗೂ ಇನ್ನೂ ಗೊತ್ತಿಲ್ಲ. ಇವರಿಗೆ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆ. ನೀವು ಹೇಳಿದ್ದು ಅರ್ಥವಾಗುತ್ತದೆ, ಅವರು ಹೇಳಬೇಕಾದ್ದು ಬರುವುದಿಲ್ಲ.”

“ಮತ್ತೆ ನನ್ನೆಸರು ಎಂಗ್ ಬತ್ತೈತೆ ಸ್ವಾಮಿ? ‘ನೀರು’ ಅನ್ನಕ್ಕಾಗದೋಳಿಗೆ ಅಷ್ಟುದ್ದದ ಹೆಸರು?”

“ಕೆಲವರಿಗೆ ಒಂದೇ ಒಂದು ಮಾತು ಉಳಿಯುತ್ತದೆ. ಒಬ್ಬರಿಗೆ ದೇವರ ಹೆಸರು, ಒಬ್ಬರಿಗೆ ಬೈಗುಳ. ಮನಸ್ಸಿನೊಳಗೆ ಬಹಳ ಸಲ ಹೇಳಿಕೊಂಡದ್ದು ಉಳಿಯುತ್ತದೋ ಏನೋ.” ಅವರು ಕನ್ನಡಕ ಒರೆಸಿಕೊಂಡರು. “ಒಂದು ಮಾತು ಉಳಿದಿದೆಯಲ್ಲ, ಅದೇ ದೊಡ್ಡದು. ಅದನ್ನು ಆಡುತ್ತಾ ಇರಲಿ. ಹೂಳು ತುಂಬಿದ ಕಾಲುವೆಯಲ್ಲಿ ಒಂದು ಸೆರೆ ನೀರಾದರೂ ಹರಿಯುತ್ತಿದ್ದರೆ ಉಳಿದದ್ದು ಬಿಡಿಸಿಕೊಂಡು ಬರುತ್ತದೆ. ನಿಂತುಹೋದರೆ ಕಷ್ಟ.”

ನಾನು ಹಿಡಿದುಕೊಂಡದ್ದು ಒಂದೇ ಮಾತು, ಮನಸ್ಸಿನೊಳಗೆ ಬಹಳ ಸಲ. ಇಷ್ಟು ವರ್ಷ ಚೆಂಬು ಕುಕ್ಕುತ್ತಾ, ಒಳಗೊಳಗೇ ಅವಳು ನನ್ನನ್ನು ಕರೆಯುತ್ತಿದ್ದಳೇ. ಜಗಲಿಯ ಕಂಬಕ್ಕೆ ಒರಗಿ ನಿಂತು ನಾನು ಅತ್ತೆ. ಕಾಳಯ್ಯ ನೋಡಿ, ಹೆಂಡತಿ ಹೋದಳೆಂದುಕೊಂಡು ತಾನೂ ಅತ್ತ.

ಮಾರನೆಯ ದಿನ ಕಣಕಟ್ಟೆಯಿಂದ ಅವ್ವ ಬಂದಳು. ಸೊಸೆಯ ಕೆನ್ನೆ ಸವರಿ “ಹೆಂಗಿದ್ದೀಯವ್ವ?” ಅಂದಳು. ಅತ್ತೆಯನ್ನು ಕಂಡ ಸಂತೋಷದಲ್ಲಿ ಇವಳು ಬಾಯಿ ತೆರೆದಳು, ಹೆಸರು ಬಂದೇ ಬಂತು. ಅವ್ವನ ಮುಖ ಬಿಳಿಚಿಹೋಯಿತು. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಹೇಳಿದೆ. ಕೇಳಿಸಿಕೊಂಡಳು, ಒಪ್ಪಲಿಲ್ಲ. ನನ್ನ ತಲೆಗೆ ನೆಟಿಗೆ ತೆಗೆದು, “ಜ್ವರವೋ ಗಾಳಿಯೋ ನಂಗೊತ್ತಿಲ್ಲ ಕಣಪ್ಪ. ಎಂಜಿನ್ನಿನ ಗಾಲಿ ಕೆಳಗೆ ಕೆಲಸ ಮಾಡೋನು ನೀನು. ದಿನಕ್ಕೆ ನೂರು ಸಲ ಹಿಂಗೆ ನಿನ್ನೆಸರು ಹಿಡಿದ್ರೆ ಆಯಸ್ಸು ಎಲ್ಲಿ ಉಳಿದಾತು?” ಅಂದಳು. ಅವ್ವ ಕೆಟ್ಟವಳಲ್ಲ. ಹೆದರಿದ್ದಳು, ಹೆದರಿದವರು ಮೆಲ್ಲಗೆ ಮಾತಾಡುವುದಿಲ್ಲ. ಹಾಸಿಗೆಯಲ್ಲಿದ್ದವಳಿಗೆ ಎಲ್ಲ ಕೇಳಿಸಿತು.

ಅಂದಿನಿಂದ ನಮ್ಮನೆಯವಳು ಬಾಯಿ ಬಿಡಲಿಲ್ಲ. ಬಾಯಾರಿದರೆ ಕೈ ತೋರಿಸುವಳು, ಹಸಿದರೆ ಸುಮ್ಮನಿರುವಳು. ಡಾಕ್ಟರು ಏನು ತೋರಿಸಿದರೂ ತುಟಿ ಬಿಗಿಹಿಡಿದು ತಲೆಯಾಡಿಸುವಳು. ಇದ್ದ ಒಂದು ಮಾತೂ ಹೋಯಿತೇ ಎಂದು ಅವರ ಮುಖ ಚಿಕ್ಕದಾಯಿತು. ನನಗೂ ಹಾಗೇ ಅನ್ನಿಸಿತ್ತು. ಆದರೆ ಸಂಜೆ ಡ್ಯೂಟಿ ಮುಗಿಸಿ ಹೋದಾಗ ನನ್ನ ಅಂಗೈಯ ಗಾಯ ಅವಳ ಕಣ್ಣಿಗೆ ಬಿತ್ತು. ಲಿವರ್ ಎಳೆಯುವಾಗ ತರಚಿದ್ದು, ಏನೂ ಅಲ್ಲ. ಅವಳು ಗಾಬರಿಯಿಂದ ಬಾಯಿ ತೆರೆದಳು. ‘ದೊ’ ಎಂದು ಹೊರಟ ಸದ್ದು ಹೊರಗೆ ಬೀಳುವ ಮೊದಲೇ ಸೆರಗನ್ನು ಬಾಯೊಳಕ್ಕೆ ತುರುಕಿ ಕಚ್ಚಿಕೊಂಡಳು. ಕಣ್ಣಿಂದ ನೀರು ಇಳಿಯಿತು. ಇನ್ನೊಂದು ಕೈಯಲ್ಲಿ ತಾಳಿ ಹಿಡಿದು ಕಣ್ಣಿಗೊತ್ತಿಕೊಂಡಳು.

ಮಾತು ಹೋಗಿರಲಿಲ್ಲ. ಇದ್ದ ಒಂದೇ ಮಾತನ್ನು ನನ್ನ ಜೀವ ಉಳಿಸಲೆಂದು ನುಂಗುತ್ತಿದ್ದಳು. ಗಾಯ ಕಂಡ ಮೇಲಂತೂ ಅವ್ವ ಹೇಳಿದ್ದೇ ನಿಜವೆಂದು ಅವಳಿಗೆ ಗಟ್ಟಿಯಾಗಿಬಿಟ್ಟಿತ್ತು.

ನಾನು ಬೇಡಿಕೊಂಡೆ. “ಅನ್ನೇ, ಏನೂ ಆಗಲ್ಲ. ಇಷ್ಟು ವರ್ಷ ಎಂಜಿನ್ನಿಗೆ ಬಗ್ಗದೋನು ನಿನ್ನ ನಾಲಿಗೆಗೆ ಬಗ್ತೀನಾ?” ಒಲ್ಲೆನೆಂದು ತಲೆಯಾಡಿಸಿದಳು. “ನಿನ್ ಮಾತೇ ನಿಂತೋಗ್ತದಂತೆ. ಮೂಗಿಯಾಗಿ ಕೂತ್ಕೋತೀಯಾ?” ಅದಕ್ಕೆ ತಲೆದೂಗಿದಳು, ಕೂತುಕೊಳ್ಳುತ್ತೇನೆ ಎಂಬಂತೆ. ಆ ಹಟ ನನಗೆ ಗೊತ್ತಿದ್ದ ಹಟವೇ. ಯಾವ ಡಾಕ್ಟರೂ ಅದನ್ನು ಇಳಿಸುವ ಹಾಗಿರಲಿಲ್ಲ. ಅವಳಿಗೆ ಮಾತು ಹೋಗುವುದೆಂದರೆ, ಆ ‘ಕೇಳುದ್ರಾ’ ಕೂಡ ಇಲ್ಲದ ಮನೆಗೆ ನಾನು ದಿನಾ ಹೋಗಬೇಕು.

ಮನೆಗೆ ಬಂದು ಬೋರಕ್ಕನ ಮುಂದೆ ಎಲ್ಲ ಹೇಳಿದೆ. ಬೋರಕ್ಕ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ಅಲ್ಲ ಕಣ್ಲಾ ಬೀರ್ಯ, ಹೆಸರು ಹೇಳಕ್ಕೆ ಒಂದು ಜಾಗ ಐತಲ್ಲ?” ಅಂದಳು. “ಅವ್ವನೂ ಇಲ್ಲ ಅನ್ನದಂಥ ಜಾಗ.”

ಅವತ್ತಿಗೆ ನಮ್ಮನೆಯವಳನ್ನು ಮಾದಮ್ಮ ಜಗಲಿಯಲ್ಲಿ ಮೆಲ್ಲಗೆ ನಡೆದಾಡಿಸಲು ಶುರು ಮಾಡಿದ್ದಳು. ಮರುದಿನ ಬೆಳಿಗ್ಗೆ ಹಾಗೆ ನಡೆದು ವಾರ್ಡಿಗೆ ತಿರುಗಿ ಬರುವಾಗ ಬಾಗಿಲಲ್ಲಿ ಬೋರಕ್ಕ ಎರಡೂ ಕೈ ಚಾಚಿ ನಿಂತಿದ್ದಳು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಪಕ್ಕದಲ್ಲಿ ಅರಿಸಿನ ನೀರಿನ ತಟ್ಟೆ ಹಿಡಿದು ಅವ್ವ. ತಟ್ಟೆಯನ್ನು ಅವಳ ಕೈಗೆ ಕೊಟ್ಟದ್ದರಲ್ಲೇ ಬೋರಕ್ಕನ ಜಾಣತನವೆಲ್ಲ ಇತ್ತು. ಆರತಿ ಹಿಡಿದವಳು ಶಾಸ್ತ್ರ ಬೇಡ ಎನ್ನುವುದಾದರೂ ಹೇಗೆ.

“ಒಳಕ್ಕೆ ಬುಡಲ್ಲ,” ಅಂದಳು ಬೋರಕ್ಕ. “ನಮ್ಮ ಮನೆಗೆ ಬರೋ ಹೆಣ್ಣು ಗಂಡನ ಹೆಸರು ಹೇಳಿ ಬರಬೇಕು.”

ಲಲಿತಮ್ಮನವರು ಅವತ್ತು ನಿದ್ದೆ ಹೋಗದೆ ಎದ್ದು ಕೂತಿದ್ದರು. ಇರುವೆಯ ಅಜ್ಜಿ ಗೋಡೆಯನ್ನು ಬಿಟ್ಟು ಬಾಗಿಲನ್ನು ನೋಡಿತು. ಡಾಕ್ಟರು ಜಗಲಿಯ ತುದಿಯಲ್ಲಿ ನಿಂತರು, ಹತ್ತಿರ ಬರಲಿಲ್ಲ. ನಮ್ಮನೆಯವಳು ಮಾದಮ್ಮನ ಭುಜ ಹಿಡಿದು, ಸೇರನ್ನು ನೋಡಿದಳು, ಬೋರಕ್ಕನನ್ನು ನೋಡಿದಳು, ಕಡೆಗೆ ಅವ್ವನನ್ನು ನೋಡಿದಳು.

ಅವ್ವ ತಟ್ಟೆಯನ್ನು ಮೇಲೆತ್ತಿ ಹಿಡಿದಳು. “ಹೇಳವ್ವ,” ಅಂದಳು. “ಬಾಗಿಲಲ್ಲಿ ಹೇಳಿದ್ರೆ ದೋಷ ಇಲ್ಲ. ತಾಳಿಗೆ ಬಲ.”

ನಮ್ಮನೆಯವಳು ಹೇಳಿದಳು. ವಾಲಗ ಇರಲಿಲ್ಲ, ತಳ್ಳುವ ಗೆಳೆಯರಿರಲಿಲ್ಲ. ಜಗಲಿಯ ಆಚೆಯ ಗಂಡಸರ ವಾರ್ಡಿನಲ್ಲಿದ್ದ ಕಾಳಯ್ಯ “ಯಾರಪ್ಪ ಕೂಗಿದ್ದು ನಮ್ ಬೀರಪ್ಪನ್ನ?” ಅಂದ. ಅಷ್ಟು ಗಟ್ಟಿಯಾಗಿತ್ತು. ಅವಳು ಬಲಗಾಲಿನಿಂದ ಸೇರನ್ನು ಮೆಲ್ಲಗೆ ಒದ್ದಳು. ಚೆಲ್ಲಿದ ಅಕ್ಕಿಯನ್ನು ಮಾದಮ್ಮ ಗೊಣಗುತ್ತಾ ಗುಡಿಸಿದಳು.

ಅಲ್ಲಿಂದ ಮುಂದೆ ಆಸ್ಪತ್ರೆಯಲ್ಲಿ ಬಾಗಿಲೆಂಬ ಬಾಗಿಲಿಗೆಲ್ಲ ಯಾರಾದರೂ ಅಡ್ಡ ನಿಲ್ಲುವುದೇ ಆಯಿತು. ಬೋರಕ್ಕ ಇಲ್ಲದಾಗ ಮಾದಮ್ಮ ನಿಲ್ಲುವಳು, ಮಾದಮ್ಮ ಇಲ್ಲದಾಗ ಲಲಿತಮ್ಮನವರು ಆಕಳಿಸುತ್ತಾ ಬಂದು ನಿಲ್ಲುವರು. ನನ್ನ ಹೆಸರು ಅಷ್ಟು ಸಲ, ಅಷ್ಟು ಪೂರ್ತಿಯಾಗಿ, ಎಂದೂ ಕೇಳಿಸಿರಲಿಲ್ಲ. ಡ್ಯೂಟಿ ಮುಗಿದದ್ದೇ ಓಡುತ್ತಿದ್ದೆ. ಕಲ್ಲಿದ್ದಲ ಮಸಿ ತೊಳೆದುಕೊಳ್ಳುವುದಕ್ಕೂ ನಿಲ್ಲುತ್ತಿರಲಿಲ್ಲ.

ಒಂದು ದಿನ ಬೋರಕ್ಕ ಹೆಸರು ಕೇಳಿಯೂ ದಾರಿ ಬಿಡದೆ ಸತಾಯಿಸಿದಳು. “ಕೇಳಿಸ್ಲಿಲ್ಲ, ಇನ್ನೊಂದ್ಸಲ.” ನಮ್ಮನೆಯವಳು ಹೇಳಿದಳು. “ಊಹೂಂ, ಇನ್ನೊಂದ್ಸಲ.” ಇವಳಿಗೆ ರೇಗಿತು. “ದೊಡ್ಡಬೀರಪ್ಪ... ಬಿಡಿ,” ಅಂದಳು. ಮತ್ತೆ ಮೆಲ್ಲಗೆ, ರುಚಿ ನೋಡುವವಳಂತೆ, “ಬಿಡಿ” ಅಂದಳು. ಬೋರಕ್ಕ ಬಿಟ್ಟಳು, ಬಿಟ್ಟು ಗೋಡೆಗೆ ತಿರುಗಿ ಮೂಗೊರೆಸಿಕೊಂಡಳು.

ಆಮೇಲೆ ಮಾತುಗಳು ಒಂದೊಂದಾಗಿ ಬಂದವು. ಬಂದ ಪ್ರತಿಯೊಂದೂ ನನ್ನ ಹೆಸರನ್ನು ಒಂದು ಜಾಗದಿಂದ ಎಬ್ಬಿಸಿತು. ಮೊದಲು ನೀರು ನೀರಾಯಿತು. ಕಂಬಳಿ ಕಂಬಳಿಯಾಯಿತು. ಕಾಗೆ ಹೋಯಿತು, ತಲೆನೋವು ಹೋಯಿತು, ಉಪ್ಪು, ಬಾಚಣಿಗೆ, ಸೌಟು ಎಲ್ಲ ತಂತಮ್ಮ ಹೆಸರು ತೆಗೆದುಕೊಂಡು ಹೊರಟವು. ನಾನು ಹರಕೆ ಹೊತ್ತಿದ್ದೆ, ಅದು ಫಲಿಸುತ್ತಿತ್ತು. ಪ್ರತಿ ಮಾತಿಗೂ ನನ್ನ ಎದೆ ತುಂಬಿಬರುತ್ತಿತ್ತು, ಅದರ ಜೊತೆಗೇ ಒಳಗೆಲ್ಲೋ ಒಂದು ಚೂರು ಖಾಲಿಯಾಗುತ್ತಿತ್ತು. ಇದನ್ನು ಯಾರ ಹತ್ತಿರ ಹೇಳುವುದು. ಹೆಂಡತಿ ಗುಣವಾದದ್ದಕ್ಕೆ ಕೊರಗುವ ಗಂಡನೆಂದು ಬೋರಕ್ಕನೇ ನನ್ನನ್ನು ಮೊರದಲ್ಲಿ ಹೊಡೆಯುತ್ತಿದ್ದಳು.

ಮನೆಗೆ ಕರೆದುಕೊಂಡು ಬಂದ ದಿನ ರೈಲ್ವೆ ಲೈನಿನ ನಮ್ಮ ಒಂದಂಕಣದ ಮನೆಯ ಬಾಗಿಲಲ್ಲಿ ಬೋರಕ್ಕ ಕೊನೆಯ ಸಲ ಅಡ್ಡ ನಿಂತಳು. ಅಕ್ಕಪಕ್ಕದವರೆಲ್ಲ ಸೇರಿದ್ದರು. ನಾನು ಹಿಂದೆ ಗಂಟು ಹೊತ್ತು ನಿಂತು, ಈ ಸಲವೊಂದು ಕೇಳಿಬಿಟ್ಟರೆ ಸಾಕು ಎಂದು ಕಿವಿಯೆಲ್ಲ ಅಲ್ಲೇ ಇಟ್ಟುಕೊಂಡಿದ್ದೆ.

ನಮ್ಮನೆಯವಳು ನಾಚಿ ಸೆರಗು ಸರಿಮಾಡಿಕೊಂಡಳು. “ಅತ್ಗೆ, ಕಾಲು ಸೋತೈತೆ. ದಾರಿ ಬಿಡಿ,” ಅಂದಳು. ಒಂದಕ್ಷರ ತೊದಲಲಿಲ್ಲ.

ಎಲ್ಲರೂ ನಕ್ಕರು. ಗುಣವಾಯಿತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದರು. ಬೋರಕ್ಕ ದಾರಿ ಬಿಟ್ಟಳು. ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಚೆಂಬು ಕುಕ್ಕಿದ ಸದ್ದು ಕೇಳಿಸಿತು. ಊಟಕ್ಕೆ ಕರೆಯುವ ಸದ್ದು. ನಾನು ಹೋಗಿ ಕೈ ತೊಳೆದು ಕೂತೆ.

ಮಳೆಗಾಲ ಕಳೆಯಿತು, ರಾಗಿ ಕೊಯ್ಲು ಕಳೆಯಿತು. ಬದುಕು ನಡೆಯುತ್ತಿತ್ತು. ಆದರೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತ್ತು. ಕೆಲಸ ಮುಗಿಸಿ ಬಂದವನು ಬಾಗಿಲಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದೆ. ಬೆನ್ನು ತಿರುಗಿಸಿ ಕೂತಿರುವವಳು ಯಾವಾಗಲಾದರೂ ಮೈಮರೆತು ಕರೆದುಬಿಡಬಹುದು ಎಂದು ಆಸೆ. ಡ್ಯೂಟಿಗೆ ಹೊರಟಾಗ ಕೈದೀಪ ಬೇಕೆಂದೇ ಮರೆತು ಹೋಗುತ್ತಿದ್ದೆ. ಅವಳು ಹಿಂದೆಯೇ ಬಂದು, ರಸ್ತೆಯಲ್ಲಿ ನಾಲ್ಕು ಜನರಿರುವಾಗ ಹೇಗೆ ಕರೆಯುತ್ತಾಳೆ ನೋಡೋಣ ಎಂದು. ಅವಳು ಕರೆಯುತ್ತಿರಲಿಲ್ಲ. ಓಡಿಬಂದು ಕೈಗೆ ಕೊಟ್ಟು ಹೋಗುತ್ತಿದ್ದಳು. ಚಳಿ ಮತ್ತೆ ಬಂದು ಅವಳು ಒಂದು ಸಲ ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಿಜ ಹೇಳುತ್ತೇನೆ, ಆ ಭಯದ ಕೆಳಗೆ ಎಲ್ಲೋ ಒಂದು ಕಿವಿ ಕಾಯುತ್ತಲೂ ಇತ್ತು. ನನಗೇ ನಾಚಿಕೆಯಾಗಿ, ಅವಳಿಗೆ ಇಮ್ಮಡಿ ಕಷಾಯ ಕಾಯಿಸಿ ಕೊಡುತ್ತಿದ್ದೆ.

ಇದೆಲ್ಲ ಅವಳಿಗೆ ಕಾಣುತ್ತಿಲ್ಲ ಎಂದುಕೊಂಡವನು ನಾನು.

ಒಂದು ಸಂಜೆ ಹೊತ್ತು ಮುಳುಗುವ ಮುಂಚೆ ಮನೆಗೆ ಬಂದೆ. ಅವಳು ಬಾಗಿಲಲ್ಲಿದ್ದಳು. ಎರಡೂ ಕೈ ಚಾಚಿ, ಚೌಕಟ್ಟು ಹಿಡಿದು, ಹೊಸಿಲ ಒಳಗೆ ನಿಂತಿದ್ದಳು.

“ಏನೇ ಇದು, ದಾರಿ ಬಿಡು,” ಅಂದೆ.

“ಬಿಡಲ್ಲ. ಹೆಸರು ಹೇಳಿ.”

“ಯಾರದೇ?”

“ಮದುವೇಲಿ ನಂದಾಯ್ತು. ಆಸ್ಪತ್ರೇಲೂ ನಂದೇ ಆಯ್ತು,” ಅಂದಳು. “ನಿಮ್ಮ ಸರದಿ ಅವತ್ತು ಆಗ್ಲೇ ಇಲ್ಲ. ಬಿದ್ದುಬಿಟ್ರಲ್ಲ.”

ನಾನು ನಗಲು ನೋಡಿದೆ. ಅವಳು ನಗುತ್ತಿರಲಿಲ್ಲ.

“ಜ್ವರ ಬಿಟ್ಟಾಗ ನಂಗೆ ನೀರು, ಕಂಬ್ಳಿ ಅಷ್ಟೇ ಅಲ್ಲ ಮರೆತಿದ್ದು,” ಅಂದಳು. “ನಾನ್ ಯಾರ ಮನೆ ಸೊಸೆ, ಎಲ್ಲಾ ಗೊತ್ತಿತ್ತು. ನನ್ನೆಸರೇನು ಅಂತ ಗೊತ್ತಿರ್ಲಿಲ್ಲ. ಒಳಗೆಲ್ಲಾ ಹುಡುಕ್ದೆ. ನಿಮ್ಮದೇ ಸಿಗೋದು, ನಂದು ಸಿಗ್ತಿರ್ಲಿಲ್ಲ. ನೀವು ಪಕ್ಕದಲ್ಲೇ ಕೂತಿದ್ರಿ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ನಿಮ್ಮ ಬಾಯನ್ನೇ ನೋಡ್ತಿದ್ದೆ. ನೀವು ‘ಲೇ’ ಅಂತಿದ್ರಿ. ಕಡೆಗೆ ಮಾದಮ್ಮ ಕೂಗಿದಾಗ, ಓ, ಅದು ನಾನೇ ಇರಬೇಕು ಅಂದ್ಕೊಂಡೆ.”

ಪಕ್ಕದ ಮನೆಯ ಕಮಲಾಕ್ಷಮ್ಮ ಒಣಹಾಕಿದ್ದ ಬಟ್ಟೆ ತೆಗೆಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಯಾರ್ಡಿನಲ್ಲಿ ಶಂಟಿಂಗ್ ಎಂಜಿನ್ ಒಂದು ಸಲ ಕೂಗಿ ಸುಮ್ಮನಾಯಿತು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅಷ್ಟು ವರ್ಷ ಒಟ್ಟಿಗೆ ಉಂಡ ಹೆಂಡತಿಯ ಹೆಸರು ನನ್ನ ಬಾಯಲ್ಲಿ ಎಂದೂ ಬಂದಿರಲಿಲ್ಲ. ನಾಲಿಗೆಗೆ ಅದರ ದಾರಿಯೇ ಗೊತ್ತಿರಲಿಲ್ಲ. ಅವಳು ನನ್ನ ತುಟಿಯನ್ನೇ ನೋಡುತ್ತಾ ನಿಂತಿದ್ದಳು, ಆ ಹಾಸಿಗೆಯಲ್ಲಿ ಹೇಗೆ ನೋಡಿದ್ದಳೋ ಹಾಗೆ.

“ಕೆಂಪಲಕ್ಷ್ಮಮ್ಮ,” ಅಂದೆ.

ಅವಳ ಕಣ್ಣು ತುಂಬಿತು. ಕೈ ಮಾತ್ರ ಚೌಕಟ್ಟನ್ನು ಬಿಡಲಿಲ್ಲ.

“ಕೇಳಿಸ್ಲಿಲ್ಲ,” ಅಂದಳು. “ಇನ್ನೊಂದ್ಸಲ.”

ನಾನು ಇನ್ನೊಂದು ಸಲ ಹೇಳಿದೆ, ಯಾರ್ಡಿನವರೆಗೂ ಕೇಳಿಸುವ ಹಾಗೆ. ಅವಳು ದಾರಿ ಬಿಡಲಿಲ್ಲ, ನಾನೂ ಒಳಗೆ ಹೋಗುವ ಅವಸರ ಮಾಡಲಿಲ್ಲ.